ಪೆಟ್ಟಿಗೆ ಒಂದು, ಬೀಗದಕೈ ಐದು

ಹುಣಸೂರಿನ ಒಂದು ಫೋಟೊ ಸ್ಟುಡಿಯೊ. ಮದುವೆ ಹಂಗಾಮು ಮುಗಿಯುತ್ತಾ ಬಂದಿತ್ತು. ಎರಡು ದಿನದ ಮದುವೆಯ ಫೋಟೊ, ವಿಡಿಯೊ ಎಲ್ಲ ಸೇರಿ ಮುನ್ನೂರು ಜಿಬಿ ತೂಗುತ್ತಿದ್ದ ಫೋಲ್ಡರ್ ಸೋಮವಾರ ಬೆಳಿಗ್ಗೆ ನೋಡಿದರೆ ಇಲ್ಲ. ಸ್ಟುಡಿಯೊದಲ್ಲಿ ಇರುವುದು ಐದು ಜನ. ಐದೂ ಜನ ‘ನಾನಲ್ಲ ಸಾರ್’ ಎಂದರು. ಮೂಲೆಯಲ್ಲಿದ್ದ ಸ್ಟೋರೇಜ್ ಪೆಟ್ಟಿಗೆಯ ಲಾಗ್ ತೆಗೆದು ನೋಡಿದೆ. ಶನಿವಾರ ಸಂಜೆ 6.40ಕ್ಕೆ ಫೋಲ್ಡರ್ ಅಳಿಸಿದವರ ಹೆಸರು ಸ್ಪಷ್ಟವಾಗಿಯೇ ಇತ್ತು: ಅಡ್ಮಿನ್. ಆದರೆ ಐದೂ ಜನ ಅಡ್ಮಿನ್ನೇ. ಪಾಸ್‌ವರ್ಡ್ ಗೋಡೆಯ ಮೇಲೆ, ದೇವರ ಕ್ಯಾಲೆಂಡರಿನ ಪಕ್ಕದಲ್ಲಿ, ಸ್ಕೆಚ್ ಪೆನ್ನಿನಲ್ಲಿ ಬರೆದು ಅಂಟಿಸಿತ್ತು.

ಫೋಲ್ಡರ್ ಸಿಕ್ಕಿತು. ಪೆಟ್ಟಿಗೆಯ ರೀಸೈಕಲ್ ಬಿನ್ ಚಾಲೂ ಇತ್ತು, ಪುಣ್ಯ. ನಾಚಿಕೆಯ ಸಂಗತಿ ಏನೆಂದರೆ, ಎರಡು ವರ್ಷದ ಹಿಂದೆ ಆ ಪೆಟ್ಟಿಗೆ ಕೂರಿಸಿ ‘ಸದ್ಯಕ್ಕೆ ಒಂದೇ ಹೆಸರಲ್ಲಿ ನಡೀಲಿ, ಆಮೇಲೆ ಸರಿ ಮಾಡೋಣ’ ಎಂದು ಎದ್ದು ಬಂದವನು ನಾನೇ. ಆ ಆಮೇಲೆ ಬರಲೇ ಇಲ್ಲ. ಈ ಬರಹ ಆ ‘ಆಮೇಲೆ’ಯದು.

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆ ಕಡೆ ಓಡಾಡಿದರೆ ಇಂಥ ಪೆಟ್ಟಿಗೆ ಈಗ ಎಲ್ಲೆಲ್ಲೋ ಕಾಣುತ್ತದೆ. ಅಂಗಡಿಯವರು ಇದನ್ನು ನ್ಯಾಸ್ ಎನ್ನುತ್ತಾರೆ. ಎರಡೋ ನಾಲ್ಕೋ ಹಾರ್ಡ್ ಡಿಸ್ಕ್ ಹಾಕಿಕೊಂಡು ರೂಟರಿಗೆ ಜೋತುಬಿದ್ದು, ಕಚೇರಿಯ ಎಲ್ಲ ಕಂಪ್ಯೂಟರಿಗೂ ಒಂದೇ ಬೀರು ಆಗಿ ನಿಲ್ಲುವ ಯಂತ್ರ. ಸ್ಟುಡಿಯೊದವರು, ದಸ್ತಾವೇಜು ಬರಹಗಾರರು, ಖಾಸಗಿ ಶಾಲೆಯವರು, ಕಬಿನಿ ಹಿನ್ನೀರಿನ ಕಡೆಯ ಹೋಮ್‌ಸ್ಟೇಯವರು ಇಟ್ಟುಕೊಂಡಿದ್ದಾರೆ. ಚಿಲ್ಕುಂದ, ಕಟ್ಟೆಮಳಲವಾಡಿ, ಕಂಪಲಾಪುರದಲ್ಲಿ ಹೊಗೆಸೊಪ್ಪಿನ ಹರಾಜು ಶುರುವಾದರೆ ಊಟಕ್ಕೂ ಬಿಡುವಿಲ್ಲದ ಲೆಕ್ಕಪತ್ರದ ಕಚೇರಿಗಳೂ ಇಟ್ಟುಕೊಂಡಿವೆ. ಕೊಳ್ಳುವಾಗ ಎಲ್ಲರೂ ಕೇಳುವುದು ‘ಎಷ್ಟು ಟಿಬಿ?’ ಯಾರು ಏನು ನೋಡಬೇಕು ಎಂದು ಕೇಳಿದವರನ್ನು ನಾನಿನ್ನೂ ಕಂಡಿಲ್ಲ.

ಮೊದಲು ಕಾಗದ

ಪೆಟ್ಟಿಗೆಯನ್ನು ಮುಟ್ಟುವ ಮುಂಚೆ ಒಂದು ಹಾಳೆ ತೆಗೆದುಕೊಳ್ಳಿ. ಎಡಕ್ಕೆ ಕೆಲಸ ಮಾಡುವವರ ಹೆಸರು, ಮೇಲೆ ಫೋಲ್ಡರುಗಳ ಹೆಸರು. ಪ್ರತಿ ಮನೆಯಲ್ಲೂ ಮೂರರಲ್ಲಿ ಒಂದು ಮಾತು ಬರೆಯಿರಿ: ನೋಡಬಹುದು, ಬರೆಯಬಹುದು, ಇದೆ ಎಂದೇ ಗೊತ್ತಾಗಬಾರದು. ಆ ಸ್ಟುಡಿಯೊದಲ್ಲಿ ನಾವು ಕೊನೆಗೆ ಬರೆದದ್ದು ಹೀಗಿತ್ತು. ಕ್ಯಾಮೆರಾದಿಂದ ಬಂದ ಮೂಲ ಫೈಲುಗಳನ್ನು ಶೂಟಿಂಗಿಗೆ ಹೋಗುವ ಇಬ್ಬರು ತಂದು ಸುರಿಯಬಹುದು; ಎಡಿಟ್ ಮಾಡುವ ಹುಡುಗ ನೋಡಬಹುದು, ಅಳಿಸುವಂತಿಲ್ಲ. ಎಡಿಟ್ ಆಗುತ್ತಿರುವ ಫೋಲ್ಡರಿನಲ್ಲಿ ಅವನದೇ ರಾಜ್ಯ. ಮುಗಿದ ಆಲ್ಬಂಗಳನ್ನು ಕೌಂಟರಿನಲ್ಲಿ ಕೂರುವ ಹೆಂಗಸು ಗಿರಾಕಿಗೆ ತೋರಿಸಲು ತೆರೆಯಬಹುದು, ಅಷ್ಟೇ. ಲೆಕ್ಕದ ಫೋಲ್ಡರ್ ಮಾಲೀಕರಿಗೆ ಮತ್ತು ಆಕೆಗೆ ಮಾತ್ರ. ಇಷ್ಟು ಬರೆಯಲು ಎರಡು ಟೀ ಹಿಡಿಯಿತು. ಪೆಟ್ಟಿಗೆಯಲ್ಲಿ ಕೂರಿಸಲು ಇಪ್ಪತ್ತು ನಿಮಿಷ.

ಕಡತ ಎಂಬ ಮಾತನ್ನು ನಾವು ಈಗ ಫೈಲಿಗೆ ಬಳಸುತ್ತೇವಲ್ಲ, ಅದು ಮೊದಲು ಶಾನುಭೋಗರ ಮನೆಯ ವಸ್ತು. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಮಸಿ ಬಳಿದು ಒಣಗಿಸಿ, ಮಡಿಚಿ, ಅದರ ಮೇಲೆ ಬಳಪದಲ್ಲಿ ಲೆಕ್ಕ ಬರೆಯುತ್ತಿದ್ದರು. ಬೇಡವಾದದ್ದನ್ನು ಒರೆಸಿ ಮತ್ತೆ ಬರೆಯಬಹುದಿತ್ತು. ಒರೆಸಿದವರು ಯಾರು ಎಂದು ಮಾತ್ರ ಕಡತ ಹೇಳುತ್ತಿರಲಿಲ್ಲ. ಎಲ್ಲರೂ ಒಂದೇ ಹೆಸರಿನಲ್ಲಿ ಒಳಗೆ ಬರುವ ಪೆಟ್ಟಿಗೆಯೂ ಅದೇ ಕಡತ, ಬೆಲೆ ಮಾತ್ರ ಜಾಸ್ತಿ.

ಆಳಿಗೊಂದು ಹೆಸರು

ಪೆಟ್ಟಿಗೆ ಯಾವುದಾದರೂ ಆಗಲಿ, ಸಿನಾಲಜಿ, ಕ್ಯೂನ್ಯಾಪ್ ಅಥವಾ ಹಳೆಯ ಕಂಪ್ಯೂಟರಿಗೆ ಓಪನ್‌ಮೀಡಿಯಾವಾಲ್ಟ್, ಟ್ರೂನ್ಯಾಸ್ ಹಾಕಿಕೊಂಡದ್ದು, ಕ್ರಮ ಒಂದೇ. ಮೊದಲು ನಿಮ್ಮದೇ ಬೇರೆ ಹೆಸರಿನ ಒಂದು ಮೇಲ್ವಿಚಾರಕ ಖಾತೆ ತೆರೆಯಿರಿ. ಅದರಲ್ಲಿ ಒಳಹೋಗಿ ನೋಡಿ, ಸರಿ ಇದ್ದರೆ ಪೆಟ್ಟಿಗೆಯ ಜೊತೆಗೇ ಬಂದ ‘ಅಡ್ಮಿನ್’ ಖಾತೆಯನ್ನು ನಿಷ್ಕ್ರಿಯಗೊಳಿಸಿ. ಪೆಟ್ಟಿಗೆಯಲ್ಲಿ ಅವಕಾಶವಿದ್ದರೆ ಮೇಲ್ವಿಚಾರಕ ಖಾತೆಗೆ ಎರಡು ಹಂತದ ಪರಿಶೀಲನೆಯನ್ನೂ ಹಾಕಿ. ಈ ಖಾತೆಯಲ್ಲಿ ದಿನದ ಕೆಲಸ ಮಾಡಬೇಡಿ. ಮಾಲೀಕರಿಗೂ ಸಾಮಾನ್ಯರ ಸಾಲಿನಲ್ಲಿ ಇನ್ನೊಂದು ಹೆಸರು ಕೊಡಿ. ಇದಕ್ಕೆ ಮಾಲೀಕರು ಮುಖ ಸಿಂಡರಿಸುತ್ತಾರೆ, ಸಿಂಡರಿಸಲಿ. ಬೇರೆ ಎಲ್ಲರಿಗೂ ಒಬ್ಬೊಬ್ಬರಿಗೆ ಒಂದೊಂದು ಹೆಸರು, ಇಂಗ್ಲಿಷ್ ಸಣ್ಣಕ್ಷರದಲ್ಲಿ, ನಡುವೆ ಜಾಗ ಬಿಡದೆ. ‘ಕೌಂಟರ್’, ‘ಎಡಿಟಿಂಗ್’ ಎಂದು ಕುರ್ಚಿಯ ಹೆಸರಿಡಬೇಡಿ. ಕುರ್ಚಿಗೆ ಜನ ಬದಲಾಗುತ್ತಾರೆ, ಪಾಸ್‌ವರ್ಡ್ ಬದಲಾಗುವುದಿಲ್ಲ.

ಪಾಸ್‌ವರ್ಡ್ ವಿಷಯಕ್ಕೆ ಬಂದರೆ, ಕೆಎ-45 ಎಂದು ಶುರುವಾಗುವುದು ಹುಣಸೂರಿನಲ್ಲಿ ಪಾಸ್‌ವರ್ಡೇ ಅಲ್ಲ. ಅರ್ಧ ಊರು ತನ್ನ ಗಾಡಿ ನಂಬರನ್ನೇ ಬಾಗಿಲಿಗೆ ಹಾಕಿದೆ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಜೋಡಿಸಿ ಟೈಪ್ ಮಾಡಿ: ಕಂಬಳಿ, ಕೊತ್ತಂಬರಿ, ಏಣಿ, ಸೋದರಮಾವ. ಉದ್ದವಿದ್ದರೂ ನೆನಪಿರುತ್ತದೆ, ಊಹಿಸುವುದು ಕಷ್ಟ. ತಿಂಗಳಿಗೊಮ್ಮೆ ಬದಲಿಸಿ ಎಂದು ಕಾಟ ಕೊಡಬೇಡಿ. ಹಾಗೆ ಮಾಡಿದರೆ ಕೊನೆಗೆ ಅದು ಮತ್ತೆ ಗೋಡೆಗೇ ಹೋಗುತ್ತದೆ. ಐದಾರು ಸಲ ತಪ್ಪಾದರೆ ಆ ಕಂಪ್ಯೂಟರನ್ನು ತಾನೇ ತಡೆಯುವ ವ್ಯವಸ್ಥೆ ಬಹುತೇಕ ಪೆಟ್ಟಿಗೆಗಳಲ್ಲಿದೆ, ಅದನ್ನು ಚಾಲೂ ಮಾಡಿ.

ಇಲ್ಲಿಂದ ಮುಂದೆ ತಲೆನೋವು ಕೊಡುವುದು ಪೆಟ್ಟಿಗೆಯಲ್ಲ, ಅದನ್ನು ಹುಡುಕಿಕೊಂಡು ಹೋಗುವ ವಿಂಡೋಸ್. ನನಗೆ ಬರುವ ಹತ್ತು ಕರೆಯಲ್ಲಿ ಆರು ಈ ಎರಡೇ ಸಂಗತಿಗೆ. ಒಂದು: ಕಂಪ್ಯೂಟರ್ ತೆರೆಯುವ ನಾಲ್ಕಂಕಿ ಪಿನ್ ಬೇರೆ, ಪೆಟ್ಟಿಗೆಯ ಪಾಸ್‌ವರ್ಡ್ ಬೇರೆ. ಪಾಸ್‌ವರ್ಡ್ ಕೇಳುವ ಕಿಟಕಿ ಬಂದೊಡನೆ ಜನ ಪಿನ್ ಒತ್ತುತ್ತಾರೆ, ‘ತಗೋತಿಲ್ಲ ಸಾರ್’ ಎನ್ನುತ್ತಾರೆ. ಎರಡು: ಒಂದು ವಿಂಡೋಸ್ ಲಾಗಿನ್ನಿನಿಂದ ಒಂದೇ ಪೆಟ್ಟಿಗೆಗೆ ಒಂದೇ ಸಮಯದಲ್ಲಿ ಎರಡು ಹೆಸರಿನಲ್ಲಿ ಹೋಗಲು ವಿಂಡೋಸ್ ಬಿಡುವುದಿಲ್ಲ. ಬೆಳಿಗ್ಗೆ ಕೌಂಟರಿನವರ ಹೆಸರಲ್ಲಿ ಒಂದು ಫೋಲ್ಡರ್ ತೆರೆದು, ಮಧ್ಯಾಹ್ನ ಮಾಲೀಕರು ಅಲ್ಲೇ ಕೂತು ತಮ್ಮ ಹೆಸರಲ್ಲಿ ಲೆಕ್ಕದ ಫೋಲ್ಡರ್ ತೆರೆಯಹೋದರೆ, ಪಾಸ್‌ವರ್ಡ್ ಸರಿಯಿದ್ದರೂ ಬಾಗಿಲು ತೆರೆಯುವುದಿಲ್ಲ. ಕಂಟ್ರೋಲ್ ಪ್ಯಾನೆಲ್‌ನಲ್ಲಿ ಕ್ರೆಡೆನ್ಷಿಯಲ್ ಮ್ಯಾನೇಜರ್ ತೆರೆದು, ವಿಂಡೋಸ್ ಕ್ರೆಡೆನ್ಷಿಯಲ್ಸ್ ಕೆಳಗೆ ಪೆಟ್ಟಿಗೆಯ ಹೆಸರಿರುವ ಸಾಲನ್ನು ತೆಗೆದುಹಾಕಿ, ಒಮ್ಮೆ ಸೈನ್ ಔಟ್ ಆಗಿ ಬನ್ನಿ. ಇನ್ನೂ ಒಳ್ಳೆಯದು, ಒಂದೇ ಕಂಪ್ಯೂಟರನ್ನು ಇಬ್ಬರು ಬಳಸುವುದಾದರೆ ವಿಂಡೋಸಿನಲ್ಲೇ ಇಬ್ಬರಿಗೂ ಬೇರೆ ಬೇರೆ ಲಾಗಿನ್ ಮಾಡಿಕೊಡುವುದು.

ಲಿನಕ್ಸ್ ಯಂತ್ರದ ಮೇಲೆ ನೀವೇ ಕೈಯಾರೆ ಕಟ್ಟುವುದಾದರೆ ಇನ್ನೊಂದು ಹಳ್ಳ ಇದೆ. ಫೈಲ್ ಹಂಚುವ ಕೆಲಸ ಮಾಡುವ ಸಾಂಬಾ ಸಾಮಾನ್ಯವಾಗಿ ತನ್ನದೇ ಪಾಸ್‌ವರ್ಡ್ ಪಟ್ಟಿ ಇಟ್ಟುಕೊಂಡಿರುತ್ತದೆ. ಲಿನಕ್ಸಿನಲ್ಲಿ ಬಳಕೆದಾರನನ್ನು ಸೇರಿಸಿದಿರಿ ಎಂದಮಾತ್ರಕ್ಕೆ ಸಾಂಬಾಗೆ ಅವನ ಪರಿಚಯವಾಗುವುದಿಲ್ಲ. ಅಲ್ಲೂ ಸೇರಿಸಬೇಕು, ಪಾಸ್‌ವರ್ಡ್ ಬದಲಿಸಿದರೆ ಅಲ್ಲೂ ಬದಲಿಸಬೇಕು. ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಜೆಲ್ 1990ರ ದಶಕದ ಮೊದಲಲ್ಲಿ ಇದನ್ನು ಬರೆಯತೊಡಗಿದ್ದು. ಇಟ್ಟಿದ್ದ ಹೆಸರು ಬದಲಿಸಬೇಕಾಗಿ ಬಂದಾಗ, ವಿಂಡೋಸ್ ಫೈಲ್ ಹಂಚಿಕೆಯ ಭಾಷೆಯಾದ ಎಸ್‌ಎಂಬಿಯ ಎಸ್, ಎಂ, ಬಿ ಅಕ್ಷರಗಳು ಅದೇ ಕ್ರಮದಲ್ಲಿ ಬರುವ ಪದವನ್ನು ಕಂಪ್ಯೂಟರಿನ ನಿಘಂಟಿನಲ್ಲಿ ಹುಡುಕಿ ಸಾಂಬಾ ಎಂದಿಟ್ಟರು. ನೃತ್ಯಕ್ಕೂ ಅದಕ್ಕೂ ಬೇರೆ ನಂಟಿಲ್ಲ.

ಅನುಮತಿ ಗುಂಪಿಗೆ, ಮನುಷ್ಯನಿಗಲ್ಲ

ಹೆಸರುಗಳಾದ ಮೇಲೆ ಗುಂಪುಗಳು. ಶೂಟಿಂಗ್, ಎಡಿಟಿಂಗ್, ಕೌಂಟರ್, ಲೆಕ್ಕ. ಕುರ್ಚಿಯ ಹೆಸರು ಬೇಡ ಎಂದೆನಲ್ಲ, ಅದಕ್ಕೆ ಸರಿಯಾದ ಜಾಗ ಇದು. ಫೋಲ್ಡರಿನ ಮೇಲೆ ಅನುಮತಿ ಬರೆಯುವಾಗ ಗುಂಪಿನ ಹೆಸರನ್ನು ಮಾತ್ರ ಬರೆಯಿರಿ. ಹೊಸ ಹುಡುಗ ಬಂದರೆ ಅವನನ್ನು ಗುಂಪಿಗೆ ಸೇರಿಸಿದರಾಯಿತು, ಮೂವತ್ತು ಫೋಲ್ಡರ್ ಸುತ್ತಬೇಕಿಲ್ಲ.

ಅನುಮತಿ ಎರಡು ಬಾಗಿಲಲ್ಲಿ ಕೂತಿರುತ್ತದೆ. ಹಂಚಿದ ಫೋಲ್ಡರ್, ಎಂದರೆ ಶೇರ್‌ನ ಮೇಲೊಂದು, ಒಳಗಿನ ಫೈಲು ಫೋಲ್ಡರಿನ ಮೇಲೊಂದು. ಎರಡೂ ಒಪ್ಪಿದರೆ ಮಾತ್ರ ಒಳಗೆ. ಒಂದು ಕಡೆ ‘ಬರೆಯಬಹುದು’, ಇನ್ನೊಂದು ಕಡೆ ‘ನೋಡಬಹುದು’ ಇದ್ದರೆ ನಡೆಯುವುದು ‘ನೋಡಬಹುದು’. ‘ನಿರಾಕರಿಸು’ ಎಂಬ ಮೂರನೆಯದೂ ಒಂದಿದೆ, ಅದು ಸಾಮಾನ್ಯವಾಗಿ ಎಲ್ಲವನ್ನೂ ಮೀರಿ ನಿಲ್ಲುತ್ತದೆ. ಒಬ್ಬರೇ ಎರಡು ಗುಂಪಿನಲ್ಲಿದ್ದು, ಒಂದು ಗುಂಪಿಗೆ ನಿರಾಕರಣೆ ಹಾಕಿದ್ದರೆ, ಯಾಕೆ ತೆರೆಯುತ್ತಿಲ್ಲ ಎಂದು ಹುಡುಕುತ್ತಾ ಅರ್ಧ ದಿನ ಹೋಗುತ್ತದೆ. ಅನುಮತಿ ಕೊಡದೇ ಇರುವುದೇ ಸಾಕು, ನಿರಾಕರಣೆಯನ್ನು ಮುಟ್ಟಬೇಡಿ. ಅನುಮತಿ ಇಲ್ಲದವರ ಕಣ್ಣಿಗೆ ಫೋಲ್ಡರೇ ಕಾಣದಂತೆ ಮಾಡುವ ಆಯ್ಕೆ ಇರುತ್ತದೆ, ಹಾಕಿಕೊಳ್ಳಿ. ಬೀಗವಿಲ್ಲದೆ ಬರಿದೇ ಮರೆಮಾಡಿದ ಶೇರ್ ಮಾತ್ರ ಬಾಗಿಲಿಗೆ ಪರದೆ ಕಟ್ಟಿದ ಹಾಗೆ.

ಕೆ.ಆರ್.ನಗರದ ಒಂದು ದಸ್ತಾವೇಜು ಬರಹಗಾರರ ಕಚೇರಿಯಲ್ಲಿ ಕಂಡದ್ದನ್ನು ಹೇಳಬೇಕು. ಕ್ರಯಪತ್ರ, ವಿಭಾಗಪತ್ರ, ಪಹಣಿ, ಆಧಾರ್ ಪ್ರತಿ ಎಲ್ಲವನ್ನೂ ತಾಲ್ಲೂಕು, ಹೋಬಳಿ, ಗ್ರಾಮ ಎಂದು ಫೋಲ್ಡರ್ ಒಳಗೆ ಫೋಲ್ಡರ್ ಮಾಡಿ ಜೋಡಿಸಿದ್ದರು. ಅಚ್ಚುಕಟ್ಟು. ಆಮೇಲೆ ಸಾಲಿಗ್ರಾಮ ಬೇರೆ ತಾಲ್ಲೂಕಾಯಿತು. ಹೊಸ ತಾಲ್ಲೂಕಿನ ಫೋಲ್ಡರ್ ಮಾಡಿ, ಅದಕ್ಕೊಬ್ಬ ಹೊಸ ಗುಮಾಸ್ತನನ್ನು ಇಟ್ಟು, ಅವನ ಗುಂಪಿಗೆ ಅನುಮತಿ ಕೊಟ್ಟು, ಹಳೆಯ ಗ್ರಾಮಗಳನ್ನು ಕಟ್ ಮಾಡಿ ಅಲ್ಲಿಗೆ ಪೇಸ್ಟ್ ಮಾಡಿದರು. ಗುಮಾಸ್ತನಿಗೆ ಹೊಸದಾಗಿ ಬಂದ ಪತ್ರಗಳು ತೆರೆಯುತ್ತವೆ, ಹಳೆಯವು ತೆರೆಯುವುದಿಲ್ಲ. ಒಂದೇ ಶೇರ್‌ನ ಒಳಗೆ ಜಾಗ ಬದಲಿಸಿದ ಫೈಲು ಬಹಳ ವ್ಯವಸ್ಥೆಗಳಲ್ಲಿ ತನ್ನ ಹಳೆಯ ಅನುಮತಿಯನ್ನೇ ಹೊತ್ತುಕೊಂಡು ಹೋಗುತ್ತದೆ, ಮದುವೆಯಾಗಿ ಬಂದ ಮೇಲೂ ತವರಿನ ಮಾತೇ ಆಡುವ ಹಾಗೆ. ಕಾಪಿ ಮಾಡಿದ ಫೈಲು ಹೊಸದಾಗಿ ಹುಟ್ಟುವುದರಿಂದ ಹೋದ ಮನೆಯ ಅನುಮತಿಯನ್ನು ಪಡೆಯುತ್ತದೆ. ಜಾಗ ಬದಲಿಸಿದ ಮೇಲೆ, ಮೇಲಿನ ಫೋಲ್ಡರಿನ ಅನುಮತಿಯನ್ನು ಒಳಗಿನ ಎಲ್ಲದಕ್ಕೂ ಮತ್ತೊಮ್ಮೆ ಅನ್ವಯಿಸಿದರೆ ಸರಿಹೋಗುತ್ತದೆ. ಎಚ್.ಡಿ.ಕೋಟೆಯಿಂದ ಸರಗೂರು ಬೇರೆಯಾದ ಕಡೆಯೂ ಇದೇ ಕತೆ ಆಗಿರಬಹುದು. ಅದಕ್ಕೇ ಅನುಮತಿಯನ್ನು ಮೇಲಿನ ಒಂದೆರಡು ಮಟ್ಟದಲ್ಲೇ ನಿಲ್ಲಿಸಬೇಕು, ಗ್ರಾಮದ ತನಕ ಇಳಿಸಬಾರದು.

ಆಧಾರ್ ಪ್ರತಿಯ ಮಾತು ಬಂತು. ಕೆಲಸ ಮುಗಿದ ಗಿರಾಕಿಯ ಗುರುತಿನ ಚೀಟಿಗಳನ್ನು ವರ್ಷಗಟ್ಟಲೆ ‘ಸ್ಕ್ಯಾನ್’ ಫೋಲ್ಡರಿನಲ್ಲಿ ಎಲ್ಲರಿಗೂ ತೆರೆದಿಟ್ಟ ಕಚೇರಿಗಳೇ ಹೆಚ್ಚು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇಂಥದ್ದನ್ನೇ ಕುರಿತದ್ದು. ಬೇಡದ್ದನ್ನು ಅಳಿಸಿ, ಬೇಕಾದದ್ದಕ್ಕೆ ಬೀಗ ಹಾಕಿ.

ಹಳೆಯ ಸ್ಕ್ಯಾನರು, ಹೊಸ ವಿಂಡೋಸು

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಲ್ಲಿಸಿತು. ಜನ ಹೊಸ ಕಂಪ್ಯೂಟರ್ ಕೊಂಡರು, ಮಾರನೇ ದಿನ ಪೆಟ್ಟಿಗೆ ಕಾಣೆಯಾಯಿತು. ಕಾರಣ ಸರಳ: ವಿಂಡೋಸ್ 11ರ 24ಎಚ್2 ಪ್ರೊ ಆವೃತ್ತಿ ಹೆಸರಿಲ್ಲದ ಅತಿಥಿಯಾಗಿ ಶೇರ್ ಒಳಗೆ ಹೋಗುವುದನ್ನು ತಾನಾಗಿಯೇ ಒಪ್ಪುವುದಿಲ್ಲ. ಹಳೆಯ ಪೆಟ್ಟಿಗೆಯಲ್ಲಿ ‘ಗೆಸ್ಟ್’ ಬಾಗಿಲು ತೆರೆದಿಟ್ಟುಕೊಂಡು ಬದುಕಿದ್ದವರಿಗೆಲ್ಲ ಪೆಟ್ಟು ಬಿತ್ತು. ಯೂಟ್ಯೂಬ್ ನೋಡಿ ವಿಂಡೋಸಿನ ರಿಜಿಸ್ಟ್ರಿ ತಿದ್ದಿ ಗೆಸ್ಟ್ ಅನ್ನು ಮತ್ತೆ ಎಬ್ಬಿಸಬೇಡಿ. ಆಳಿಗೊಂದು ಹೆಸರು ಕೊಟ್ಟಿದ್ದರೆ ಈ ತೊಂದರೆ ಬರುವುದೇ ಇಲ್ಲ.

ಸ್ಕ್ಯಾನ್ ಮಾಡಿ ನೇರ ಫೋಲ್ಡರಿಗೆ ಕಳಿಸುವ ಹಳೆಯ ಜೆರಾಕ್ಸ್ ಯಂತ್ರಗಳದ್ದು ಬೇರೆ ರಗಳೆ. ಅವುಗಳಲ್ಲಿ ಕೆಲವಕ್ಕೆ ಎಸ್‌ಎಂಬಿ ಮೊದಲ ಆವೃತ್ತಿ ಬಿಟ್ಟು ಬೇರೆ ಭಾಷೆ ಬರುವುದಿಲ್ಲ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ಸುಲಿಗೆಯ ಕುತಂತ್ರಾಂಶ ಲೋಕವೆಲ್ಲ ಸುತ್ತಿದ್ದು ಆ ಆವೃತ್ತಿಯ ಸಂದಿನಲ್ಲೇ. ಒಂದು ಜೆರಾಕ್ಸಿಗಾಗಿ ಇಡೀ ಪೆಟ್ಟಿಗೆಯ ಆ ಬಾಗಿಲು ತೆರೆಯುವುದು ಬೇಡ. ಯಂತ್ರಕ್ಕೆ ಎಫ್‌ಟಿಪಿ ಬರುವುದಾದರೆ, ಒಂದೇ ಫೋಲ್ಡರಿಗೆ ಬರೆಯಬಲ್ಲ ಬೇರೆ ಹೆಸರು ಅದಕ್ಕೆ ಕೊಡಿ. ಬರದಿದ್ದರೆ ಪೆನ್ ಡ್ರೈವೇ ವಾಸಿ.

ಕನ್ನಡದ ಹೆಸರು, ಇಲಿಯ ಹಲ್ಲು

‘ಕಡತದ ಹೆಸರು ಉದ್ದವಾಯಿತು’ ಎಂಬ ದೂರು ಕನ್ನಡದಲ್ಲಿ ಹೆಸರಿಡುವವರಿಗೆ ಹೆಚ್ಚು ಬರುತ್ತದೆ. ಲಿನಕ್ಸ್ ಪೆಟ್ಟಿಗೆಯಲ್ಲಿ ಒಂದು ಹೆಸರಿಗೆ 255 ಬೈಟ್ ಜಾಗ. ಇಂಗ್ಲಿಷಿನ ಅಕ್ಷರಕ್ಕೆ ಒಂದು ಬೈಟ್ ಸಾಕು, ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೇಕು. ಪಿರಿಯಾಪಟ್ಟಣ ಎಂದು ಬರೆಯಿರಿ. ಕಣ್ಣಿಗೆ ಆರು ಅಕ್ಷರ, ಒಳಗೆ ಗುಣಿತ, ಒತ್ತು ಎಲ್ಲ ಬಿಡಿಸಿದರೆ ಹನ್ನೊಂದು ಚಿಹ್ನೆ, ಮೂವತ್ತಮೂರು ಬೈಟ್. ಅಂದರೆ ಇಡೀ ಹೆಸರಿಗೆ ಎಂಬತ್ತೈದು ಚಿಹ್ನೆ ಮಾತ್ರ. ವಿಂಡೋಸ್ ಬೇರೆ ರೀತಿ ಎಣಿಸುವುದರಿಂದ ಅಲ್ಲಿ ಒಪ್ಪಿದ ಹೆಸರನ್ನು ಪೆಟ್ಟಿಗೆ ತಿರಸ್ಕರಿಸುತ್ತದೆ. ಸಿನಾಲಜಿಯಲ್ಲಿ ಗೂಢಲಿಪಿ ಹಾಕಿದ ಶೇರ್‌ನಲ್ಲಿ ಮಿತಿ 143 ಬೈಟಿಗೆ ಇಳಿಯುತ್ತದೆ, ಎಂದರೆ ನಲವತ್ತೇಳೇ ಚಿಹ್ನೆ. ‘ಮಾವನವರ ಮಗಳ ಮದುವೆ ಆರತಕ್ಷತೆ ಫೈನಲ್ ಫೈನಲ್’ ಒಂದೇ ಅದರಲ್ಲಿ ಬಹುಪಾಲು ನುಂಗುತ್ತದೆ. ತಾರೀಕು ಮತ್ತು ಊರು ಸಾಕು. ಹಾಗೆಯೇ ನುಡಿಯ ಹಳೆಯ ಫಾಂಟಿನಲ್ಲಿ ಬರೆದ ಪತ್ರಗಳು ಪೆಟ್ಟಿಗೆಯ ಹುಡುಕಾಟಕ್ಕೆ ಸಿಗುವುದಿಲ್ಲ. ಒಳಗಿರುವುದು ಕನ್ನಡವೆಂದೇ ಅದಕ್ಕೆ ಗೊತ್ತಿಲ್ಲ. ಇನ್ನು ಮುಂದಿನದನ್ನಾದರೂ ಯೂನಿಕೋಡಿನಲ್ಲಿ ಬರೆಯಿರಿ.

ವೇಗ ಸಾಲದು ಎನ್ನುವವರು ಡಿಸ್ಕ್ ಬದಲಿಸುವ ಮುಂಚೆ ವೈರ್ ನೋಡಿ. ಗಿಗಾಬಿಟ್ ವೇಗಕ್ಕೆ ಕೇಬಲಿನ ಎಂಟೂ ಎಳೆ ಬೇಕು. ಇಲಿ ಒಂದನ್ನು ಕಡಿದರೂ ಸಂಪರ್ಕ ಸದ್ದಿಲ್ಲದೆ ಹತ್ತರಲ್ಲೊಂದು ಪಾಲಿಗೆ ಇಳಿಯಬಹುದು. ಮುನ್ನೂರು ಜಿಬಿ ಮದುವೆ ಮುಕ್ಕಾಲು ಗಂಟೆಯಲ್ಲಿ ಬರಬೇಕಾದದ್ದು ಏಳೂವರೆ ಗಂಟೆ ತೆಗೆದುಕೊಂಡರೆ ತಪ್ಪು ಪೆಟ್ಟಿಗೆಯದ್ದಲ್ಲ. ರೂಟರಿನಲ್ಲಿ ಪೆಟ್ಟಿಗೆಗೆ ಒಂದೇ ವಿಳಾಸ ಕಾಯಂ ಮಾಡಿಡುವುದನ್ನೂ ಮರೆಯಬೇಡಿ. ಕರೆಂಟು ಹೋಗಿ ಬಂದಾಗಲೆಲ್ಲ ವಿಳಾಸ ಬದಲಾದರೆ ಎಲ್ಲ ಕಂಪ್ಯೂಟರೂ ಅನಾಥ.

ಊರಾಚೆಯಿಂದ, ಕರೆಂಟಿಲ್ಲದಾಗ

ಮಾಲೀಕರು ಮೈಸೂರಿನಲ್ಲಿ ಕೂತು ಫೈಲ್ ನೋಡಬೇಕು ಎಂದರೆ ರೂಟರಿನಲ್ಲಿ ಕಿಂಡಿ ಕೊರೆದು ಪೆಟ್ಟಿಗೆಯನ್ನು ನೇರ ಇಂಟರ್ನೆಟ್ಟಿಗೆ ತೋರಿಸಬೇಡಿ. 2022ರ ಜನವರಿಯಲ್ಲಿ ಡೆಡ್‌ಬೋಲ್ಟ್ ಎಂಬುದು ಹಾಗೆ ತೋರಿಸಿಕೊಂಡಿದ್ದ ಕ್ಯೂನ್ಯಾಪ್ ಪೆಟ್ಟಿಗೆಗಳಿಗೆ ನುಗ್ಗಿ, ಎಲ್ಲಕ್ಕೂ ಬೀಗ ಜಡಿದು, ಲಾಗಿನ್ ಪುಟದ ಜಾಗದಲ್ಲೇ 0.03 ಬಿಟ್‌ಕಾಯಿನ್ ಕೊಡಿ ಎಂದು ಚೀಟಿ ಅಂಟಿಸಿತ್ತು. ವೈರ್‌ಗಾರ್ಡ್ ಅಥವಾ ಟೇಲ್‌ಸ್ಕೇಲ್ ಮೂಲಕ ಖಾಸಗಿ ಸುರಂಗ ಮಾಡಿಕೊಳ್ಳಿ. ನಮ್ಮ ಕಡೆ ಬಹಳಷ್ಟು ಸಂಪರ್ಕಗಳಿಗೆ ಸ್ವಂತ ಸಾರ್ವಜನಿಕ ವಿಳಾಸವೇ ಇರುವುದಿಲ್ಲವಾದ್ದರಿಂದ ಟೇಲ್‌ಸ್ಕೇಲ್ ಕಡಿಮೆ ಕಾಟ ಕೊಡುತ್ತದೆ.

ಎರಡು ಡಿಸ್ಕಿಗೂ ಒಂದೇ ಪ್ರತಿ ಬರೆಯುವ ರೇಡ್ ಇದೆಯಲ್ಲ ಎಂದು ನೆಮ್ಮದಿಯಾಗಿ ಮಲಗುವವರಿದ್ದಾರೆ. ಡಿಸ್ಕ್ ಸತ್ತರೆ ಅದು ಕಾಯುತ್ತದೆ. ಕೈ ತಪ್ಪಿ ಅಳಿಸಿದರೆ ಎರಡರಿಂದಲೂ ಒಂದೇ ಕ್ಷಣಕ್ಕೆ ಅಳಿಸುತ್ತದೆ. ಬಿಟಿಆರ್‌ಎಫ್‌ಎಸ್ ಅಥವಾ ಜೆಡ್‌ಎಫ್‌ಎಸ್ ಎಂಬ ಫೈಲ್ ವ್ಯವಸ್ಥೆ ಇರುವ ಪೆಟ್ಟಿಗೆಯಾದರೆ, ಫೈಲುಗಳ ಆ ಹೊತ್ತಿನ ಸ್ಥಿತಿಯನ್ನು ಹಾಗೇ ಹಿಡಿದಿಡುವ ಸ್ನ್ಯಾಪ್‌ಶಾಟ್ ದಿನಕ್ಕೊಂದು ಇಡಿ. ಜೊತೆಗೆ ಎರಡು ಯುಎಸ್‌ಬಿ ಡಿಸ್ಕ್, ಒಂದು ಪೆಟ್ಟಿಗೆಯ ಪಕ್ಕ, ಒಂದು ಮನೆಯಲ್ಲಿ. ಪ್ರತಿ ಸಂತೆಯ ದಿನ ಅದಲುಬದಲು. ತಿಂಗಳಿಗೊಮ್ಮೆ ಅದರಿಂದ ಒಂದು ಫೈಲ್ ತೆಗೆದು ತೆರೆದು ನೋಡಿ.

ಕರೆಂಟಿನ ವಿಷಯ ಈ ನಾಲ್ಕು ತಾಲ್ಲೂಕಿನವರಿಗೆ ನಾನು ಹೇಳಿಕೊಡಬೇಕಿಲ್ಲ. ಎರಡು ಡಿಸ್ಕಿನ ಪೆಟ್ಟಿಗೆ ಎಳೆಯುವುದು ಇಪ್ಪತ್ತು ಮೂವತ್ತು ವಾಟ್, ಸಣ್ಣ ಯುಪಿಎಸ್ ಸಾಕು. ಆದರೆ ಯುಪಿಎಸ್‌ನಿಂದ ಪೆಟ್ಟಿಗೆಗೆ ಯುಎಸ್‌ಬಿ ತಂತಿ ಇರಲಿ. ಬ್ಯಾಟರಿ ಇಳಿಯುತ್ತಿದೆ ಎಂದು ತಿಳಿದರೆ ಪೆಟ್ಟಿಗೆ ತಾನೇ ಅಚ್ಚುಕಟ್ಟಾಗಿ ಮಲಗುತ್ತದೆ. ಮನೆಯ ಇನ್ವರ್ಟರಿಗೇ ಹಾಕುವುದಾದರೆ ಅದರ ಹಿಂದಿನ ಸ್ವಿಚ್ ಯುಪಿಎಸ್ ಕಡೆಗಿದೆಯೇ ನೋಡಿ. ಇಲ್ಲದಿದ್ದರೆ ಬದಲಾಗುವ ಆ ಒಂದು ಮಿಟುಕಿನಲ್ಲಿ ಪೆಟ್ಟಿಗೆ ಸತ್ತು ಹುಟ್ಟುತ್ತದೆ.

ಕೆಲಸ ಬಿಟ್ಟವನ ಖಾತೆಯನ್ನು ಅಂದೇ ನಿಷ್ಕ್ರಿಯಗೊಳಿಸಿ, ಅಳಿಸಬೇಡಿ. ಅಳಿಸಿದರೆ ಅವನು ಮಾಡಿದ ಫೈಲುಗಳ ಮೇಲೆ ಹೆಸರಿನ ಬದಲು ಬರೀ ಅಂಕಿ ಉಳಿಯುವುದುಂಟು.

ಆ ಹುಣಸೂರಿನ ಸ್ಟುಡಿಯೊದಿಂದ ಕಳೆದ ತಿಂಗಳು ಮತ್ತೆ ಕರೆ ಬಂತು. ಒಂದು ನಾಮಕರಣದ ಆಲ್ಬಂ ಕಾಣುತ್ತಿಲ್ಲ. ಲಾಗ್ ತೆಗೆದೆ. ಈ ಸಲ ಅಡ್ಮಿನ್ ಇರಲಿಲ್ಲ, ಮಾಲೀಕರ ಹೆಸರಿತ್ತು, ರಾತ್ರಿ 9.15. ಸ್ನ್ಯಾಪ್‌ಶಾಟಿನಿಂದ ಆಲ್ಬಂ ಎತ್ತಿಕೊಟ್ಟೆ. ಅವರು ಸ್ವಲ್ಪ ಹೊತ್ತು ಪರದೆ ನೋಡಿದರು. ‘ಆ ಫೋಲ್ಡರಿಗೆ ನಂದು ಬರೀ ನೋಡೋದು ಅಂತ ಮಾಡ್ಬಿಡಿ ಸಾರ್’ ಎಂದರು. ಅಲ್ಲಿ ಬರೆಯುವ ಗುಂಪಿನಿಂದ ಅವರನ್ನು ತೆಗೆದು ಕೌಂಟರ್ ಗುಂಪಿಗೆ ಸೇರಿಸಿ ಬಂದೆ.